ಮಣ್ಣಿಗೆ ಹಾಕಿದ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಎಷ್ಟು ಉಳಿದಿದೆ ಅಂತ ಎಣಿಸೋಕೆ ಕ್ಯೂಪಿಸಿಆರ್ (ಡಿಎನ್‌ಎಯನ್ನು ನಕಲು ಮಾಡುತ್ತಾ ಅಳೆಯೋ ವಿಧಾನ) ಒಳ್ಳೆಯದೋ, ಪ್ಲೇಟ್ (ತಟ್ಟೆಯಲ್ಲಿ ಬೆಳೆಸಿ ಎಣಿಸೋದು) ಒಳ್ಳೆಯದೋ?

"ಕಾಂಪೋಸ್ಟ್ ಬೆರೆತ ಮಣ್ಣಲ್ಲಿ ಸಿಟಿ ತಡವಾಗಿ ಬರ್ತಿದೆ, ಅಂದ್ರೆ ಬ್ಯಾಕ್ಟೀರಿಯಾ ಸತ್ತಿರಬೇಕು" ಅಂತ ಬರೆದಿದ್ದೀರಲ್ಲ, ಸತ್ತಿರಲಿಕ್ಕಿಲ್ಲ. (ಸಿಟಿ, Ct, ಅಂದ್ರೆ ಡಿಎನ್‌ಎ ಎಷ್ಟನೇ ನಕಲು ಸುತ್ತಲ್ಲಿ ಕಾಣಿಸಿಕೊಳ್ಳುತ್ತೆ ಅನ್ನೋ ಸಂಖ್ಯೆ; ಡಿಎನ್‌ಎ ಕಡಿಮೆಯಿದ್ದಷ್ಟೂ ಅದು ಹೆಚ್ಚು.) ನಾನೂ ಹೀಗೇ ಅಂದುಕೊಂಡು, ಗ್ರಾಫ್ ಹಾಕಿ ಗೈಡ್ ಮುಂದೆ ಇಟ್ಟವನು.

ನನ್ನದೂ ಸ್ಯೂಡೊಮೊನಾಸ್ ಫ್ಲೋರೆಸೆನ್ಸ್, ಕುಂಡದ ಪ್ರಯೋಗ. ಮರಳು ಮಣ್ಣಲ್ಲಿ ಲೆಕ್ಕ ಚೆನ್ನಾಗಿ ಬಂತು, ಸಾವಯವ ಅಂಶ ಹೆಚ್ಚಿದ್ದ ಮಣ್ಣಲ್ಲಿ ಪಾತಾಳಕ್ಕಿಳಿದಿತ್ತು. ಅಲ್ಲಿನ ಪ್ರೊಟೊಜೋವಾಗಳು ತಿಂದು ಹಾಕಿವೆ ಅಂತ ಒಂದು ಅಧ್ಯಾಯವನ್ನೇ ಬರೆದೆ. ಓದೋಕೆ ಬಹಳ ಚೆನ್ನಾಗಿತ್ತು.

ಎಡವಿದ್ದು ಸಿಟಿಯಿಂದ ಬ್ಯಾಕ್ಟೀರಿಯಾ ಸಂಖ್ಯೆ ಓದೋ ಗೆರೆಯಲ್ಲಿ, ಅಂದ್ರೆ ಸ್ಟ್ಯಾಂಡರ್ಡ್ ಕರ್ವ್‌ನಲ್ಲಿ. ಶುದ್ಧ ಕಲ್ಚರ್‌ನ ಡಿಎನ್‌ಎ ತೆಗೆದು, ಶುದ್ಧ ನೀರಲ್ಲಿ ಹತ್ತು ಹತ್ತು ಪಟ್ಟು ತೆಳುಮಾಡಿ ಗೆರೆ ಎಳೆದಿದ್ದೆ. ಗೆರೆ ನೆಟ್ಟಗಿತ್ತು, ಎಫಿಶಿಯೆನ್ಸಿಯೂ (ಪ್ರತಿ ಸುತ್ತಲ್ಲಿ ನಕಲಾಗೋ ಪ್ರಮಾಣ) ಸರಿಯಿತ್ತು. ಆದರೆ ಆ ಗೆರೆಗೆ ಮಣ್ಣಿನ ಗಂಧವೇ ಇರಲಿಲ್ಲ. ಮಣ್ಣಿಂದ ಡಿಎನ್‌ಎ ತೆಗೆದಾಗ ಕೊಳೆತ ಸಾವಯವದಿಂದಾದ ಕಂದು ಬಣ್ಣದ ಹ್ಯೂಮಿಕ್ ಆಮ್ಲವೂ ಜೊತೆಗೆ ಬಂದು, ಡಿಎನ್‌ಎ ನಕಲು ಮಾಡೋ ಕಿಣ್ವ ಪಾಲಿಮರೇಸ್‌ನ ಕೈಕಟ್ಟುತ್ತೆ. ಸಿಟಿ ತಡವಾಗುತ್ತೆ, ಸಾಫ್ಟ್‌ವೇರ್ ಅದನ್ನೇ "ಬ್ಯಾಕ್ಟೀರಿಯಾ ಕಡಿಮೆ" ಅಂತ ಓದಿ ಹೇಳುತ್ತೆ. ಟ್ಯೂಬಲ್ಲಿದ್ದ ಡಿಎನ್‌ಎಗೆ ತೆಳು ಕಂದು ಬಣ್ಣ ಇದ್ದದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಬೆಳಕು ಹೀರೋದನ್ನು ನೋಡಿ ಶುದ್ಧತೆ ಹೇಳೋ ಅನುಪಾತಗಳಲ್ಲಿ 260/280 (ಪ್ರೊಟೀನ್ ಬೆರಕೆ ತೋರಿಸೋದು) ಪರವಾಗಿಲ್ಲ ಅನ್ನುವಂತಿತ್ತು, ಹಾಗಾಗಿ ಪಕ್ಕದಲ್ಲೇ ನೆಲಕಚ್ಚಿದ್ದ 260/230 (ಹ್ಯೂಮಿಕ್ ಆಮ್ಲದಂಥ ಬೆರಕೆ ತೋರಿಸೋದು) ಕಡೆ ತಿರುಗಿಯೂ ನೋಡಲಿಲ್ಲ.

ಲ್ಯಾಬಿನ ಸೀನಿಯರ್ ಒಬ್ಬರು ಅದೇ ಸ್ಯಾಂಪಲನ್ನು ಹತ್ತು ಪಟ್ಟು ತೆಳುಮಾಡಿ ಓಡಿಸಿದರು. ಲೆಕ್ಕದ ಪ್ರಕಾರ ಸಿಟಿ ಸುಮಾರು 3.3 ಏರಬೇಕು. ಏರೋದು ಹಾಗಿರಲಿ, ಇಳಿದಿತ್ತು! ಡಿಎನ್‌ಎ ಜೊತೆಗೆ ಹ್ಯೂಮಿಕ್ ಆಮ್ಲವೂ ತೆಳುವಾಗಿತ್ತಲ್ಲ. ಪ್ರೊಟೊಜೋವಾ ಅಧ್ಯಾಯ ಅವತ್ತೇ ಕಸದ ಬುಟ್ಟಿ ಸೇರಿತು.

ನೀವೂ ಮೊದಲು ಈ ಪರೀಕ್ಷೆ ಮಾಡಿ. ಆಮೇಲೆ, ಬ್ಯಾಕ್ಟೀರಿಯಾ ಹಾಕದ ಅದೇ ಮಣ್ಣಿಗೆ ನಿಮ್ಮ ಕಲ್ಚರನ್ನು ಎಣಿಸಿ ಬೆರೆಸಿ, ಅದರಿಂದ ಡಿಎನ್‌ಎ ತೆಗೆದು ಕರ್ವ್ ಮಾಡಿ. ತೆಗೆಯುವಾಗ ಕಳೆದುಹೋಗೋ ಡಿಎನ್‌ಎಯೂ ಲೆಕ್ಕಕ್ಕೆ ಬರುತ್ತೆ. ಎರಡು ಬಗೆಯ ಮಣ್ಣಿದ್ದರೆ ಎರಡು ಕರ್ವ್, ಬೇರೆ ದಾರಿಯಿಲ್ಲ.

ಇಷ್ಟಾದರೂ ಕ್ಯೂಪಿಸಿಆರ್ ಎಣಿಸೋದು ಡಿಎನ್‌ಎಯನ್ನೇ ಹೊರತು ಜೀವಂತ ಕೋಶವನ್ನಲ್ಲ. ಸತ್ತ ಕೋಶದ ಡಿಎನ್‌ಎ ಮಣ್ಣಿನ ಕಣಕ್ಕೆ ಅಂಟಿಕೊಂಡು ಬಹಳ ಕಾಲ ಉಳಿಯುತ್ತೆ. ಅದನ್ನು ಬದಿಗಿಡೋಕೆ ಸತ್ತ ಕೋಶದ ಡಿಎನ್‌ಎಗೆ ಅಂಟಿ ಅದು ನಕಲಾಗದಂತೆ ಮಾಡೋ ಪಿಎಂಎ ಬಣ್ಣ ಹಾಕ್ತಾರೆ, ಆದರೆ ಅದು ಕೆಲಸ ಮಾಡೋಕೆ ಬೆಳಕು ಬೇಕು, ಕೆಸರು ನೀರಲ್ಲಿ ಬೆಳಕು ಎಲ್ಲಿ ಹಾಯುತ್ತೆ? ನಿಮ್ಮ ಪ್ರಶ್ನೆ "ಉಳಿದಿದೆಯಾ" ಅಂತ. ಅದಕ್ಕೆ ನನ್ನ ಓಟು ಪ್ಲೇಟಿಗೆ, ಯಾರು ಹಳೇ ಕಾಲದ್ದು ಅಂದರೂ ಸರಿ.

ಆದರೆ ಬರೀ ಕಿಂಗ್ಸ್ ಬಿ ಮೀಡಿಯಾ (ಸ್ಯೂಡೊಮೊನಾಸ್ ಹೊಳೆಯುವಂತೆ ಬೆಳೆಸೋ ಪೋಷಕ ಮಾಧ್ಯಮ) ಸಾಲದು, ಮಣ್ಣಲ್ಲಿ ಮೊದಲೇ ಇದ್ದ ಸ್ಯೂಡೊಮೊನಾಸ್‌ಗಳೂ ಯುವಿ ಬೆಳಕಲ್ಲಿ ಹೊಳೆಯುತ್ತವೆ. ಮುಂದಿನ ಸಲ ರಿಫಾಂಪಿಸಿನ್ ಅನ್ನೋ ಆ್ಯಂಟಿಬಯೋಟಿಕ್ ತಾಳಿಕೊಳ್ಳೋ ಮ್ಯುಟೆಂಟ್ (ರೂಪಾಂತರಿ ತಳಿ) ಆರಿಸಿ (ಮೂಲ ತಳಿಯಷ್ಟೇ ವೇಗವಾಗಿ ಬೆಳೆಯುತ್ತಾ ನೋಡ್ಕೊಳ್ಳಿ), ಪ್ಲೇಟಿಗೆ ರಿಫಾಂಪಿಸಿನ್ ಜೊತೆ ಶಿಲೀಂಧ್ರ ತಡೆಯೋಕೆ ಸೈಕ್ಲೋಹೆಕ್ಸಿಮೈಡ್ ಹಾಕಿ. ಬ್ಯಾಕ್ಟೀರಿಯಾ ಹಾಕದ ಮಣ್ಣನ್ನೂ ಅದೇ ಪ್ಲೇಟಲ್ಲಿ ಹರಡಿ. ಈಗಾಗಲೇ ನಡೀತಿರೋ ಪ್ರಯೋಗಕ್ಕೆ ಇದು ಆಗಲ್ಲ, ಅದಕ್ಕೆ ನಿಮ್ಮ ತಳಿಗೆ ಮಾತ್ರ ಹೊಂದೋ ಪ್ರೈಮರ್ (ನಕಲು ಶುರುಮಾಡೋ ಡಿಎನ್‌ಎ ತುಣುಕು) ಇದ್ದರೆ ಕ್ಯೂಪಿಸಿಆರೇ ಗತಿ.

30ರಿಂದ 300 ಕಾಲೊನಿ (ಬ್ಯಾಕ್ಟೀರಿಯಾ ಬೆಳೆದ ಚುಕ್ಕೆ) ಇರೋ ಪ್ಲೇಟನ್ನೇ ಎಣಿಸಿ, 105 ಡಿಗ್ರಿಯಲ್ಲಿ ಒಣಗಿಸಿದ ಮಣ್ಣಿನ ತೂಕಕ್ಕೆ ಲೆಕ್ಕ ಹಾಕಿ. 10 ಗ್ರಾಂ ಮಣ್ಣನ್ನು 90 ಮಿಲಿ ನೀರಿಗೆ ಹಾಕಿ 0.1 ಮಿಲಿ ಹರಡಿದರೆ ಒಂದು ಕಾಲೊನಿ ಅಂದ್ರೆ ಗ್ರಾಂ ಹಸಿಮಣ್ಣಿಗೆ ಸುಮಾರು 100. ಒಂದೂ ಬರದಿದ್ದರೆ ಸೊನ್ನೆ ಅಂತ ಬರೀಬೇಡಿ, "100ಕ್ಕಿಂತ ಕಡಿಮೆ" ಅಂತ ಬರೀರಿ.