ಪ್ರಾಕ್ಟೀಸಲ್ಲಿ ಬೀಳುವ ಬಾಲ್ ಮ್ಯಾಚಲ್ಲಿ ಯಾಕೆ ಬೀಳುವುದಿಲ್ಲ?

ನೀನು ಕೇಳಿದ್ದು ಇಷ್ಟು. ಒಂಬತ್ತನೇ ಕ್ಲಾಸು, ಸ್ಕೂಲಿನ ಬ್ಯಾಸ್ಕೆಟ್‌ಬಾಲ್ ಟೀಮಲ್ಲಿದ್ದೀಯ, ಎತ್ತರ ಐದಡಿ ಒಂದಿಂಚು. ಪ್ರಾಕ್ಟೀಸಲ್ಲಿ ಚೆನ್ನಾಗಿ ಹಾಕುತ್ತೀಯ. ಮ್ಯಾಚ್ ಶುರುವಾದರೆ ಕೈಕಾಲು ನಡುಗುತ್ತವೆ, ಬಾಲ್ ಬಂದ ತಕ್ಷಣ ಪಕ್ಕದವಳಿಗೆ ದಾಟಿಸಿಬಿಡುತ್ತೀಯ. "ಅಕ್ಕ, ಅಣ್ಣ ಯಾರಾದರೂ ಹೇಳಿ, ಧೈರ್ಯ ಹೇಗೆ ಬರುತ್ತದೆ? ಇಲ್ಲಾ ಟೀಮ್ ಬಿಟ್ಟುಬಿಡಲಾ?" ಅಂತ ಕೊನೆಗೆ ಬರೆದಿದ್ದೀಯ. ಅಕ್ಕ ಅಂದಿದ್ದೀಯಲ್ಲ, ಹಾಗಾಗಿ ನಾನೂ 'ನೀನು' ಅಂತಲೇ ಬರೆಯುತ್ತೇನೆ.

ನಾನು ಹಾಸನದ ಕಡೆಯವಳು. ಹೈಸ್ಕೂಲಿನಿಂದ ಡಿಗ್ರಿವರೆಗೆ ಆಡಿದ್ದೇನೆ. ದೊಡ್ಡ ಪ್ಲೇಯರ್ ಏನೂ ಅಲ್ಲ, ಜಿಲ್ಲಾ ಮಟ್ಟ, ಆಮೇಲೆ ಯೂನಿವರ್ಸಿಟಿ ಟೀಮು, ಅಷ್ಟೇ. ಈಗ ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಮಕ್ಕಳಿಗೆ ಹೇಳಿಕೊಡುತ್ತೇನೆ. ಆದರೆ ನಿನ್ನ ಪ್ರಶ್ನೆಗೆ ಉತ್ತರ ಬರೆಯೋಣ ಅನ್ನಿಸಿದ್ದು ಅದಕ್ಕಲ್ಲ. ನಿನ್ನ ವಯಸ್ಸಲ್ಲಿ ನನಗೂ ಇದೇ ಆಗಿತ್ತು.

ಜಿಲ್ಲಾ ಮಟ್ಟದ ಒಂದು ಮ್ಯಾಚು. ನಾವು ಒಂದು ಪಾಯಿಂಟ್ ಹಿಂದೆ, ಉಳಿದಿದ್ದು ಅರ್ಧ ನಿಮಿಷ. ನನ್ನ ಮೇಲೆ ಫೌಲ್ ಆಯಿತು, ಎರಡು ಫ್ರೀ ಥ್ರೋ ಸಿಕ್ಕಿತು, ಅಂದರೆ ಯಾರೂ ಅಡ್ಡ ಬರದೆ ಲೈನಲ್ಲಿ ನಿಂತು ಹಾಕುವ ಶಾಟ್. ಪ್ರಾಕ್ಟೀಸಲ್ಲಿ ಹತ್ತಕ್ಕೆ ಎಂಟು ಹಾಕುತ್ತಿದ್ದವಳು ನಾನು. ಮೊದಲನೆಯದು ರಿಂಗಿಗೂ ತಾಗಲಿಲ್ಲ, ನೆಟ್ಟಿಗೂ ತಾಗಲಿಲ್ಲ. ಎರಡನೆಯದು ರಿಂಗಿನ ಮುಂಭಾಗಕ್ಕೆ ಬಡಿದು ನನ್ನ ಕಡೆಗೇ ವಾಪಸ್ ಬಂತು. ಬಸ್ಸಲ್ಲಿ ಯಾರೂ ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಎರಡು ವಾರ ಕೋರ್ಟ್ ಕಡೆ ತಲೆ ಹಾಕಲಿಲ್ಲ.

ನನ್ನದು ಹೆದರುಪುಕ್ಕಲು ಸ್ವಭಾವ, ಅದಕ್ಕೇ ಹೀಗಾಯಿತು ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಅದನ್ನು ಬಿಡಿಸಿದ್ದು ನಮಗಿಂತ ಸೀನಿಯರ್ ಆಗಿದ್ದ ಒಬ್ಬ ಅಕ್ಕ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಎರಡೂ ಶಾರ್ಟ್ ಬಿತ್ತಲ್ಲ, ಯಾಕೆ?" ಹೆದರಿದರೆ ಬಾಲ್ ಎಡಕ್ಕೂ ಹೋಗಬಹುದು, ಬಲಕ್ಕೂ ಹೋಗಬಹುದು. ಎರಡೂ ಮುಂಚೆಯೇ ಬಿದ್ದವು ಅಂದರೆ ಕಾಲಲ್ಲಿ ಶಕ್ತಿ ಇರಲಿಲ್ಲ ಅಂತ. ಶಾಟ್‌ಗೆ ಬೇಕಾದ ಬಲ ಜಾಸ್ತಿ ಬರುವುದು ಮಂಡಿ ಬಗ್ಗಿಸಿ ಏಳುವುದರಿಂದ. ಅಷ್ಟು ಹೊತ್ತು ಓಡಿ ನನ್ನ ಕಾಲು ಸೋತಿತ್ತು.

ನಾನು ಪ್ರಾಕ್ಟೀಸ್ ಮಾಡುತ್ತಿದ್ದದ್ದು ಹೇಗೆ? ನಿಂತ ಜಾಗದಲ್ಲೇ ಒಂದರ ಹಿಂದೆ ಒಂದು ಹತ್ತು ಶಾಟ್. ಗೆಳತಿ ಬಾಲ್ ಎತ್ತಿ ಕೊಡುತ್ತಿದ್ದಳು. ಉಸಿರು ಆರಾಮಾಗಿ ಇರುತ್ತಿತ್ತು. ಮೊದಲ ಎರಡು ತಪ್ಪಿದರೂ ಆಮೇಲೆ ಕೈ ಕೂರುತ್ತಿತ್ತು, ಎಂಟು ಬೀಳುತ್ತಿದ್ದವು. ಮ್ಯಾಚಲ್ಲಿ ಹತ್ತು ಯಾರು ಕೊಡುತ್ತಾರೆ? ಎರಡೇ. ಅದೂ ಓಡಿ, ತಳ್ಳಿಸಿಕೊಂಡು, ಏದುಸಿರು ಬಿಡುತ್ತಿರುವಾಗ. ಅಂದರೆ ಮ್ಯಾಚಿಗೆ ಬೇಕಾದ ಶಾಟನ್ನು ನಾನು ಒಂದು ದಿನವೂ ಪ್ರಾಕ್ಟೀಸ್ ಮಾಡಿರಲೇ ಇಲ್ಲ!

ಆ ಅಕ್ಕ ಹೇಳಿಕೊಟ್ಟದ್ದನ್ನು ಈಗ ನಿನಗೆ ಹೇಳುತ್ತೇನೆ. ಕೋರ್ಟಿನ ಉದ್ದ 28 ಮೀಟರ್. ಈ ತುದಿಯಿಂದ ಆ ತುದಿಗೆ ಹೋಗಿ ಬಂದು, ಹೀಗೆ ಎರಡು ಸಲ ಜೋರಾಗಿ ಓಡು. ನಿಂತು ಸುಧಾರಿಸಿಕೊಳ್ಳಬೇಡ. ನೇರ ಫ್ರೀ ಥ್ರೋ ಲೈನಿಗೆ ಬಂದು ಎರಡೇ ಎರಡು ಶಾಟ್ ಹಾಕು. ಮತ್ತೆ ಓಡು, ಮತ್ತೆ ಎರಡು. ಹತ್ತು ಸುತ್ತು ಮಾಡಿದರೆ 20 ಶಾಟ್. ರೆಫ್ರಿ ಬಾಲ್ ಕೈಗೆ ಕೊಟ್ಟ ಮೇಲೆ 5 ಸೆಕೆಂಡಿನೊಳಗೆ ಹಾಕಬೇಕು, ಅದನ್ನೂ ಲೆಕ್ಕದಲ್ಲಿ ಇಟ್ಟುಕೊ. ಎರಡು ಸಲ ಬಾಲ್ ಕುಟ್ಟು, ಉಸಿರು ಹೊರಗೆ ಬಿಡು, ರಿಂಗ್ ನೋಡು, ಹಾಕು. ಪ್ರತಿ ಸಲವೂ ಇದೇ ಕ್ರಮ. ಎಷ್ಟು ಬಿತ್ತು ಅನ್ನುವುದನ್ನು ತಾರೀಖು ಹಾಕಿ ನೋಟ್‌ಬುಕ್ಕಲ್ಲಿ ಬರಿ.

ನನ್ನ ಮೊದಲ ದಿನದ ಲೆಕ್ಕ 20ಕ್ಕೆ 6. ಅಳು ಬಂದಿತ್ತು. ಎರಡು ತಿಂಗಳಾದ ಮೇಲೆ 13ರ ಆಸುಪಾಸಿಗೆ ಬಂದು ನಿಂತೆ. ಆಮೇಲೂ ಅದಕ್ಕಿಂತ ಅಷ್ಟೇನೂ ಮೇಲೆ ಹೋಗಲಿಲ್ಲ. ಆದರೆ ಮ್ಯಾಚಲ್ಲಿ ಲೈನಿಗೆ ಹೋದಾಗ 'ಅಯ್ಯೋ ಬೀಳುತ್ತೋ ಇಲ್ವೋ' ಅನ್ನುವುದು ನಿಂತುಹೋಯಿತು. ನನ್ನದು 20ಕ್ಕೆ 13 ಅಂತ ನನಗೆ ಗೊತ್ತಿತ್ತು. ಒಂದು ತಪ್ಪಿದರೆ ಅದು ಆ ಏಳರಲ್ಲಿ ಒಂದು. ಅದಕ್ಕೆ ಮನೆಗೆ ಹೋಗಿ ಅಳುವುದು ಏನಿದೆ? ನೀನು ಕೇಳುತ್ತಿರುವ ಧೈರ್ಯ ನನಗೆ ಬಂದದ್ದು ಆ ನೋಟ್‌ಬುಕ್ಕಿನಿಂದ. ಕನ್ನಡಿ ಮುಂದೆ ನಿಂತು 'ನನ್ನ ಕೈಯಲ್ಲಿ ಆಗುತ್ತೆ' ಅಂತ ಹೇಳಿಕೊಂಡೂ ನೋಡಿದ್ದೆ. ನನಗಂತೂ ಅದು ಕೆಲಸ ಮಾಡಲಿಲ್ಲ.

ದೊಡ್ಡವರ ಲೆಕ್ಕ ಕೇಳಬೇಕಾ? ಅಮೆರಿಕದ ದೊಡ್ಡ ಲೀಗ್ ಎನ್‌ಬಿಎಯ ಆಟಗಾರ ಸ್ಟೀಫನ್ ಕರಿ ಫ್ರೀ ಥ್ರೋದಲ್ಲಿ ಎಲ್ಲರಿಗಿಂತ ಮೇಲಿನ ಸಾಲಿನವನು. ಅವನದು ನೂರಕ್ಕೆ ಸುಮಾರು 91. ಹಾಗಾದರೆ ಅವನೂ ಒಂಬತ್ತು ತಪ್ಪಿಸುತ್ತಾನೆ. ಅದೇ ಲೀಗಲ್ಲಿ ಆಡಿದ ಶಕೀಲ್ ಓನೀಲ್‌ದು ನೂರಕ್ಕೆ ಸುಮಾರು 53. ಹಾಗಿದ್ದೂ ನಾಲ್ಕು ಎನ್‌ಬಿಎ ಚಾಂಪಿಯನ್‌ಶಿಪ್ ಗೆದ್ದ ಟೀಮುಗಳಲ್ಲಿ ಇದ್ದ. ದೂರದಿಂದ ಹಾಕುವ ಮೂರು ಪಾಯಿಂಟಿನ ಶಾಟ್ ಅಂತೂ ಎನ್‌ಬಿಎಯಲ್ಲೇ ಒಟ್ಟಾರೆ ಮೂರಕ್ಕೆ ಒಂದಕ್ಕಿಂತ ಸ್ವಲ್ಪ ಜಾಸ್ತಿ ಬೀಳುತ್ತದೆ, ಅಷ್ಟೇ. ಟಿವಿಯಲ್ಲಿ ಹೈಲೈಟ್ಸ್ ನೋಡಿ ನೋಡಿ, ತಪ್ಪುವುದೇ ದೊಡ್ಡ ಅಪರಾಧ ಅಂತ ನಮಗೆ ಅನ್ನಿಸಿಬಿಟ್ಟಿದೆ.

ಇನ್ನೊಂದು ವಿಷಯ. ಒಂದು ದಿನ ಪಿ.ಟಿ. ಮೇಷ್ಟ್ರನ್ನು ಕೇಳಿ, ಏಣಿ ಹಾಕಿಸಿಕೊಂಡು, ರಿಂಗನ್ನು ಮೇಲಿನಿಂದ ನೋಡು. ತಮಾಷೆಗೆ ಹೇಳುತ್ತಿಲ್ಲ. ರಿಂಗಿನ ಅಗಲ 45 ಸೆಂಟಿಮೀಟರ್. ಹುಡುಗಿಯರು ಆಡುವ 6ನೇ ಸೈಜಿನ ಬಾಲ್‌ನ ಅಗಲ ಸುಮಾರು 23. ಹತ್ತಿರ ಹತ್ತಿರ ಎರಡು ಬಾಲ್ ಪಕ್ಕ ಪಕ್ಕ ಹಿಡಿಸುವಷ್ಟು ಜಾಗ ಇದೆ! ಕೆಳಗೆ ನಿಂತಾಗ ಅದು ಬಳೆಯಷ್ಟು ಚಿಕ್ಕದಾಗಿ ಕಾಣುತ್ತದೆ, ಅಷ್ಟೇ. ಆದರೆ ಈ ಜಾಗ ಪೂರ್ತಿ ಸಿಗಬೇಕಾದರೆ ಬಾಲ್ ಮೇಲಿನಿಂದ ಬರಬೇಕು. ನೆಲಕ್ಕೆ 45 ಡಿಗ್ರಿ ಕೋನದಲ್ಲಿ ಬಂದರೆ ಬಾಲ್‌ಗೆ ಸಿಗುವ ಬಾಯಿ 32 ಸೆಂಟಿಮೀಟರ್. 30 ಡಿಗ್ರಿಯಲ್ಲಿ ಚಪ್ಪಟೆಯಾಗಿ ಎಸೆದರೆ ಇಪ್ಪತ್ತೆರಡೂವರೆ ಮಾತ್ರ, ಬಾಲ್‌ಗಿಂತ ಚಿಕ್ಕದು. ರಿಂಗಿಗೆ ತಾಗದೆ ಒಳಗೆ ಹೋಗುವ ದಾರಿಯೇ ಇಲ್ಲ. ಹೆದರಿದಾಗ ಎಲ್ಲರೂ ಹೀಗೇ ಚಪ್ಪಟೆಯಾಗಿ, ಕಲ್ಲು ಬೀಸಿದ ಹಾಗೆ ಎಸೆಯುತ್ತಾರೆ. ಹಾಗಾಗಿ ಕೈಯನ್ನು ಮೇಲಕ್ಕೆ ಚಾಚಿ ಬಿಡು. ಬಿಟ್ಟ ಮೇಲೂ ಕೈ ಅಲ್ಲೇ ಇರಲಿ, ಮಣಿಕಟ್ಟು ಮುಂದಕ್ಕೆ ಬಾಗಿರಲಿ.

ಹಾಗೆಯೇ ನಿಮ್ಮ ಸ್ಕೂಲಲ್ಲಿ ಯಾವ ಬಾಲ್ ಇದೆ ನೋಡು. ಎಷ್ಟೋ ಕಡೆ ಹುಡುಗರ 7ನೇ ಸೈಜು ಮಾತ್ರ ತಂದಿಟ್ಟಿರುತ್ತಾರೆ. ಅದು ದೊಡ್ಡದು, 60-70 ಗ್ರಾಂ ಭಾರವೂ ಜಾಸ್ತಿ. ಇಡೀ ವರ್ಷ ಅದರಲ್ಲಿ ಆಡಿ ಮ್ಯಾಚಲ್ಲಿ 6 ಹಿಡಿದರೆ ಅಂದಾಜು ತಪ್ಪುತ್ತದೆ.

ಎತ್ತರದ ಬಗ್ಗೆ ನೀನು ಎರಡು ಸಲ ಬರೆದಿದ್ದೀಯ. ಮಗ್ಸಿ ಬೋಗ್ಸ್ ಅಂತ ಒಬ್ಬ ಆಟಗಾರ ಇದ್ದ, ಎತ್ತರ ಐದಡಿ ಮೂರಿಂಚು. ನಿನಗಿಂತ ಎರಡೇ ಇಂಚು ಜಾಸ್ತಿ. ಎನ್‌ಬಿಎಯಲ್ಲಿ 14 ಸೀಸನ್ ಆಡಿದ. ಉದ್ದದವರು ಡ್ರಿಬಲ್ ಮಾಡುವಾಗ, ಅಂದರೆ ಬಾಲ್ ಕುಟ್ಟುತ್ತಾ ಹೋಗುವಾಗ, ಅದು ಸೊಂಟದವರೆಗೆ ಎದ್ದು ಬರುತ್ತದೆ, ಕುಳ್ಳಗಿರುವವರ ಕೈ ಅಲ್ಲೇ ಇರುತ್ತದೆ. ಬಾಲ್ ಕದಿಯುವುದರಲ್ಲಿ ಅವನು ಹೆಸರುವಾಸಿ. ನೀನು ಬೋಗ್ಸ್ ಆಗುತ್ತೀಯ ಅಂತ ನಾನು ಹೇಳುತ್ತಿಲ್ಲ. ಕುಳ್ಳಗಿರುವವರಿಗೂ ಕೋರ್ಟಲ್ಲಿ ಕೆಲಸ ಇದೆ ಅಂತ ಮಾತ್ರ.

ಆ ಕೆಲಸ ಯಾವುದು? ಒಂದು ಲೆಕ್ಕ ಹಾಕು. ಪೂರ್ತಿ ಮ್ಯಾಚು 40 ನಿಮಿಷ. ಕೋರ್ಟಲ್ಲಿ ಹತ್ತು ಜನ, ಬಾಲ್ ಒಂದೇ. ಸಮನಾಗಿ ಹಂಚಿದರೂ ಒಬ್ಬರ ಕೈಯಲ್ಲಿ ಬಾಲ್ ಇರುವುದು 4 ನಿಮಿಷ. ಉಳಿದ 36 ನಿಮಿಷ ಬಾಲ್ ಇಲ್ಲದೆ ಆಡುವ ಆಟ. ನಿನ್ನ ಹೆದರಿಕೆ ಎಲ್ಲಾ ಆ 4 ನಿಮಿಷದ್ದು. ಹಾಗಾಗಿ ಮ್ಯಾಚಿನ ಶುರುವಿನಲ್ಲಿ ಶಾಟ್ ಬಗ್ಗೆ ಯೋಚನೆ ಮಾಡಲೇಬೇಡ. ಡಿಫೆನ್ಸ್ ಹಿಡಿ. ಮಂಡಿ ಬಗ್ಗಿಸಿ, ಎದುರಾಳಿಯ ಸೊಂಟ ನೋಡುತ್ತಾ ಅವಳ ಜೊತೆ ಸರಿ. ಕಣ್ಣು, ಕೈ, ಬಾಲ್ ಎಲ್ಲಾ ಮೋಸ ಮಾಡಬಹುದು, ಸೊಂಟ ಮಾಡುವುದಿಲ್ಲ. ಯಾರಾದರೂ ಶಾಟ್ ಹಾಕಿದ ತಕ್ಷಣ ಬಾಲ್ ನೋಡುತ್ತಾ ನಿಲ್ಲದೆ, ನೀನು ಕಾಯುತ್ತಿರುವ ಎದುರಾಳಿಗೆ ಬೆನ್ನು ಕೊಟ್ಟು ತಡೆದು ನಿಲ್ಲು. ರಿಂಗಿಗೆ ಬಡಿದು ವಾಪಸ್ ಬರುವ ಬಾಲ್, ಅಂದರೆ ರಿಬೌಂಡ್, ನಿನಗೆ ಸಿಗದಿದ್ದರೂ ಅವಳಿಗಂತೂ ಸಿಗುವುದಿಲ್ಲ. ಬಾಯಿ ಮುಚ್ಚಿಕೊಂಡು ಆಡಬೇಡ. 'ಎಡಗಡೆ ಬಂದಳು', 'ನಾನಿದ್ದೀನಿ' ಅಂತ ಕೂಗು. ಕೂಗಿದರೆ ನಡುಕ ಕಮ್ಮಿಯಾಗುತ್ತದೆ. ಯಾಕೋ ಗೊತ್ತಿಲ್ಲ, ಆದರೆ ಆಗುತ್ತದೆ. ಐದು ನಿಮಿಷ ಹೀಗೆ ಆಡಿದ ಮೇಲೆ ಬಾಲ್ ಕೈಗೆ ಬಂದರೆ ಅದು ಅಷ್ಟು ಬಿಸಿ ಕೆಂಡದ ಹಾಗೆ ಅನ್ನಿಸುವುದಿಲ್ಲ.

ಬಾಲ್ ಬಂದ ತಕ್ಷಣ ದಾಟಿಸುವ ಚಟಕ್ಕೆ ಇನ್ನೊಂದು ಕಾರಣವೂ ಇರಬಹುದು: ಎಡಗೈ ಬಾರದೇ ಇರುವುದು. ಬಲಗೈ ಒಂದೇ ಇದೆ ಅಂತ ಗೊತ್ತಾದರೆ ಎದುರಾಳಿ ಬಲಗಡೆಯೇ ಬಂದು ನಿಲ್ಲುತ್ತಾಳೆ, ಆಗ ಪಾಸ್ ಬಿಟ್ಟು ಬೇರೆ ದಾರಿ ಇರುವುದಿಲ್ಲ. ಮನೆ ಅಂಗಳದಲ್ಲೋ ಟೆರೇಸಲ್ಲೋ ದಿನಾ ಹತ್ತು ನಿಮಿಷ ಎಡಗೈಯಲ್ಲಿ ಮಾತ್ರ ಕುಟ್ಟು. ತಮ್ಮನೋ ತಂಗಿಯೋ ಇದ್ದರೆ ಎದುರಿಗೆ ನಿಲ್ಲಿಸು. ಅವರು ಬೆರಳು ತೋರಿಸಬೇಕು, ನೀನು ಬಾಲ್ ನೋಡದೆ ಎಷ್ಟು ಅಂತ ಹೇಳಬೇಕು. ನನ್ನ ತಮ್ಮ ಇದಕ್ಕೆ ದಿನಕ್ಕೊಂದು ಚಾಕೊಲೇಟ್ ವಸೂಲಿ ಮಾಡುತ್ತಿದ್ದ. ಎಡಗೈ ಲೇಅಪ್‌ಗೆ, ಅಂದರೆ ಓಡಿ ಬಂದು ರಿಂಗಿನ ಹತ್ತಿರ ನೆಗೆದು ಹಾಕುವ ಶಾಟ್‌ಗೆ, ಬಲಗಾಲಿನಿಂದ ನೆಗೆಯಬೇಕು. ಮೊದಲು ಬಾಲ್ ಇಲ್ಲದೆ ನಡೆದು ನಡೆದು ಹೆಜ್ಜೆ ಕೂರಿಸಿಕೊ. ನೆಗೆದು ಇಳಿಯುವಾಗ ಮಂಡಿ ಬಗ್ಗಿರಲಿ, ಎರಡೂ ಮಂಡಿ ಒಳಕ್ಕೆ ವಾಲದಿರಲಿ. ಮಂಡಿಯ ಲಿಗಮೆಂಟ್ ಹರಿಯುವುದು ಈ ಆಟದಲ್ಲಿ ಹುಡುಗಿಯರಿಗೇ ಜಾಸ್ತಿ.

ಸರ್ ಬೈಯುತ್ತಾರೆ, ಬೆಂಚಲ್ಲೇ ಕೂರಿಸುತ್ತಾರೆ ಅಂದಿದ್ದೀಯ. ಮ್ಯಾಚ್ ನಡೆಯುವಾಗ ಏನೂ ಕೇಳಬೇಡ. ಮಾರನೇ ದಿನ ಹೋಗಿ, "ಸರ್, ನನ್ನನ್ನು ಇನ್ನೈದು ನಿಮಿಷ ಜಾಸ್ತಿ ಆಡಿಸಬೇಕಾದರೆ ನಾನು ಯಾವ ಒಂದು ವಿಷಯ ಸರಿಮಾಡಿಕೊಳ್ಳಲಿ?" ಅಂತ ಕೇಳು. ಬೈಯುವವರೂ ಇದಕ್ಕೆ ಉತ್ತರ ಕೊಡುತ್ತಾರೆ. ಆಟ ಬಿಟ್ಟು ನಿನ್ನ ಮೈ, ಬಣ್ಣ, ಮನೆ ಬಗ್ಗೆ ಮಾತಾಡಿದರೆ ಮಾತ್ರ ಸಹಿಸಿಕೊಳ್ಳಬೇಡ, ಅಮ್ಮನಿಗೆ ಹೇಳು. ಬಿಸಿಲಲ್ಲಿ ಕಪ್ಪಾಗುತ್ತೀಯ, ಶಾರ್ಟ್ಸ್ ಯಾಕೆ ಹಾಕಿಕೊಳ್ಳುತ್ತೀಯ ಅನ್ನುವ ನೆಂಟರು ಎಲ್ಲರ ಮನೆಯಲ್ಲೂ ಇರುತ್ತಾರೆ. ನಮ್ಮ ಮನೆಯಲ್ಲಿ ಒಬ್ಬ ಅತ್ತೆ ಇದ್ದರು. ಯೂನಿವರ್ಸಿಟಿ ಬ್ಲೇಜರ್ ಬಂದ ದಿನ ಅದನ್ನು ಮೊದಲು ಹಾಕಿಕೊಂಡು ಫೋಟೋ ತೆಗೆಸಿಕೊಂಡವರು ಅವರೇ!

ಟೀಮ್ ಬಿಡುವ ವಿಷಯ. ಆಟ ನಿಜವಾಗಲೂ ಇಷ್ಟ ಇಲ್ಲ ಅಂದರೆ ಬಿಡು, ತಪ್ಪೇನಿಲ್ಲ. ಆದರೆ ನಡುಗುತ್ತದೆ ಅಂತ ಈಗಲೇ ಬಿಡಬೇಡ. ಓಡಿ ಬಂದು ಹಾಕಿದ 20 ಶಾಟಿನ ಲೆಕ್ಕ ಒಂದು ಪುಟ ತುಂಬುವವರೆಗೆ ಇರು. ಮೊದಲ ದಿನ 4 ಬಿದ್ದರೆ 4 ಅಂತಲೇ ಬರಿ. ಬರೆದು ಇಲ್ಲೇ ಕೆಳಗೆ ಹಾಕು, ನೋಡುತ್ತೇನೆ.