ದೇವರಿಗೆ ‘ದೌ’ ಅಂದರೆ ಮರ್ಯಾದೆಯೇ?

ಪ್ರಶ್ನೆ: ಹಳೆಯ ಇಂಗ್ಲಿಷ್ ಬೈಬಲಿನಲ್ಲಿ ದೇವರನ್ನು ‘ದೌ’, ‘ದೀ’ ಎನ್ನುತ್ತಾರೆ. ಇದು ನಮ್ಮ ‘ತಾವು’ ಥರ ತುಂಬಾ ಮರ್ಯಾದೆಯ ಮಾತು ಎಂದು ಮೇಷ್ಟ್ರು ಹೇಳಿದ್ದರು. ಹೌದಾ? ಇನ್ನೊಂದು, ಮಗಳು ಲಂಡನ್ನಿನಿಂದ ಕಳಿಸಿದ ಫೋಟೊದಲ್ಲಿ ಪಬ್ಬಿನ ಬೋರ್ಡಿನ ಮೇಲೆ ‘ಯೀ ಓಲ್ಡ್’ ಎಂದಿತ್ತು. ಬೈಬಲಿನಲ್ಲಿರುವ ‘ಯೀ’ ಕೂಡ ಇದೇನಾ?

ಉತ್ತರ: ಮೇಷ್ಟ್ರು ಹೇಳಿದ್ದು ಉಲ್ಟಾ. ‘ದೌ’ ಅಂದರೆ ಬರೀ ‘ನೀನು’. ‘ದೀ’ ಅಂದರೆ ‘ನಿನ್ನನ್ನು’, ‘ನಿನಗೆ’. ಇಬ್ಬರು ಮೂವರಿದ್ದರೆ ‘ಯೀ’, ಅಂದರೆ ‘ನೀವು’. ಈಗ ಎಲ್ಲರೂ ಬಳಸುವ ‘ಯೂ’ ಮೊದಲು ‘ನಿಮ್ಮನ್ನು’, ‘ನಿಮಗೆ’ ಅಷ್ಟೇ ಆಗಿತ್ತು. ಆಮೇಲೆ ಫ್ರೆಂಚರನ್ನು ನೋಡಿ ಇಂಗ್ಲಿಷರೂ ದೊಡ್ಡವರು ಒಬ್ಬರೇ ಇದ್ದರೂ ಬಹುವಚನ ಬಳಸಲು ಶುರು ಮಾಡಿದರು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ, ಅಲ್ವಾ?

ಹಾಗಾದರೆ ದೇವರಿಗೆ ಏಕವಚನ ಯಾಕೆ? ವಚನ, ದಾಸರ ಪದ ನೆನಪಿಸಿಕೊಳ್ಳಿ. ಅಲ್ಲೂ ದೇವರು ‘ನೀನು’ ತಾನೇ? 1611ರ ಕಿಂಗ್ ಜೇಮ್ಸ್ ಬೈಬಲಿಗೆ ಇನ್ನೂ ಒಂದು ಕಾರಣವಿತ್ತು. ಹೀಬ್ರೂ, ಗ್ರೀಕ್ ಮೂಲದಲ್ಲಿ ಒಬ್ಬರಿಗೆ ಹೇಳಿದ್ದು ಯಾವುದು, ಹಲವರಿಗೆ ಹೇಳಿದ್ದು ಯಾವುದು ಎಂಬುದು ಅನುವಾದದಲ್ಲಿ ಕಳೆದುಹೋಗಬಾರದಿತ್ತು. ಮುಂದೆ ಮಾತಿನಲ್ಲಿ ‘ದೌ’ ಸತ್ತು ಪ್ರಾರ್ಥನೆಯಲ್ಲಿ ಮಾತ್ರ ಉಳಿಯಿತು. ಅದಕ್ಕೇ ಈಗ ಕೇಳಿದವರಿಗೆ ಭಾರೀ ಗಂಭೀರ ಅನ್ನಿಸುತ್ತದೆ.

ಆ ಕಾಲದವರ ಕಿವಿಗೆ ಅದು ಹೇಗೆ ಕೇಳಿಸುತ್ತಿತ್ತು ಗೊತ್ತಾ? 1603ರಲ್ಲಿ ಸರ್ ವಾಲ್ಟರ್ ರ್‍ಯಾಲಿ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಸರ್ಕಾರದ ವಕೀಲ ಎಡ್ವರ್ಡ್ ಕೋಕ್ ತುಂಬಿದ ಕೋರ್ಟಿನಲ್ಲಿ ಅವನಿಗೆ ‘ದೌ’ ಅಂದ. ಅಷ್ಟಕ್ಕೇ ಬಿಡಲಿಲ್ಲ. ‘ನಿನ್ನನ್ನು ದೌ ಅಂತಲೇ ಕರೆಯುತ್ತೇನೆ, ದ್ರೋಹಿ’ ಎಂದು ಒತ್ತಿ ಹೇಳಿದ. ಅವನ ಮಾತಿನಲ್ಲಿ ‘ದೌ’ ಒಂದು ಕ್ರಿಯಾಪದ. ಇಂದಿನ ಇಂಗ್ಲಿಷಿನಲ್ಲಿ ಅದಕ್ಕೆ ಒಂದೇ ಮಾತಿಲ್ಲ. ನಮ್ಮಲ್ಲಿದೆ: ‘ಏಕವಚನದಲ್ಲಿ ಮಾತಾಡಿಸುವುದು’. ನಮ್ಮ ಸಭೆಗಳಲ್ಲಿ ಇದಕ್ಕೆ ಈಗಲೂ ಜಗಳ ಹತ್ತುತ್ತದೆ. ಕ್ವೇಕರ್ ಪಂಥದವರು ದೇವರ ಮುಂದೆ ಎಲ್ಲರೂ ಸಮ ಎಂದು ಜಡ್ಜಿಗೂ ‘ದೌ’ ಅಂದು, ಬೈಗುಳ, ಏಟು ಎರಡೂ ತಿಂದರು.

ಇನ್ನು ಬೋರ್ಡಿನ ‘ಯೀ’. ಅದಕ್ಕೂ ಬೈಬಲಿನ ‘ಯೀ’ಗೂ ಸಂಬಂಧವೇ ಇಲ್ಲ. ಅದು ‘ದಿ’! ಹಿಂದೆ ಇಂಗ್ಲಿಷಿನಲ್ಲಿ ‘ಥಾರ್ನ್’ ಎಂಬ ಅಕ್ಷರವಿತ್ತು. ಈಗ ‘ಟಿ’, ‘ಎಚ್’ ಸೇರಿಸಿ ಬರೆಯುವ ಸದ್ದಿಗೆ ಆ ಒಂದೇ ಅಕ್ಷರ ಸಾಕಿತ್ತು. ಬರೆದೂ ಬರೆದೂ ಅದರ ಆಕಾರ ‘ವೈ’ ಹತ್ತಿರಕ್ಕೆ ಬಂದಿತ್ತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣ ಶುರು ಮಾಡಿದ. ಆಗಿನ ಅಚ್ಚಿನ ಮೊಳೆಗಳು ಯುರೋಪಿನ ಬೇರೆ ದೇಶಗಳ ಮಾದರಿಯವು. ಅಲ್ಲಿ ಥಾರ್ನ್ ಎಲ್ಲಿಂದ ಬರಬೇಕು? ಮುದ್ರಕರು ‘ವೈ’ ಹಾಕಿ ಕೆಲಸ ಸಾಗಿಸಿದರು. ಓದುವವರು ಮಾತ್ರ ‘ದಿ’ ಎಂದೇ ಓದುತ್ತಿದ್ದರು. ನಮ್ಮ ‘ಮೞೆ’ಯ ‘ೞ’ ಹೋಗಿ ಆ ಜಾಗದಲ್ಲಿ ‘ಳ’ ಕೂತಿಲ್ಲವೇ? ನಮ್ಮಲ್ಲಿ ಆ ಸದ್ದೇ ಹೋಗಿತ್ತು. ಅವರಲ್ಲಿ ಸದ್ದು ಉಳಿಯಿತು, ಅಕ್ಷರ ಹೋಯಿತು. ಅಂಗಡಿ ಬೋರ್ಡಿನ ‘ಯೀ ಓಲ್ಡ್’ ತೀರಾ ಈಚಿನ ಶೋಕಿ.

ಪ್ರಶ್ನೆ: ಜೂಲಿಯೆಟ್ ‘ವೇರ್‌ಫೋರ್ ಆರ್ಟ್ ದೌ ರೋಮಿಯೋ’ ಅನ್ನುತ್ತಾಳೆ. ಅವನು ಕೆಳಗೇ ನಿಂತಿದ್ದಾನಲ್ಲ, ಮತ್ತೆ ಎಲ್ಲಿದ್ದೀಯ ಅಂತ ಯಾಕೆ ಹುಡುಕುತ್ತಾಳೆ?

ಉತ್ತರ: ಹುಡುಕುತ್ತಿಲ್ಲ. ಅವನು ಅಲ್ಲಿರುವುದೇ ಅವಳಿಗೆ ಗೊತ್ತಿಲ್ಲ, ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದಾಳೆ. ‘ವೇರ್‌ಫೋರ್’ ಅಂದರೆ ‘ಎಲ್ಲಿ’ ಅಲ್ಲ, ‘ಯಾಕೆ’. ‘ದೇರ್‌ಫೋರ್’ ಉತ್ತರವಾದರೆ ‘ವೇರ್‌ಫೋರ್’ ಪ್ರಶ್ನೆ. ಅವಳ ಸಂಕಟ ಇಷ್ಟೇ: ನೀನು ಯಾಕಪ್ಪಾ ರೋಮಿಯೋ ಆದೆ, ನಮಗೆ ಆಗದವರ ಮನೆಯಲ್ಲೇ ಯಾಕೆ ಹುಟ್ಟಿದೆ? ಶಾಲೆ ನಾಟಕದಲ್ಲಿ ಹಣೆಗೆ ಕೈ ಅಡ್ಡ ಹಿಡಿದು ಕತ್ತಲಲ್ಲಿ ಹುಡುಕುವ ಜೂಲಿಯೆಟ್‌ಗಳನ್ನು ನಾನೂ ಕಂಡಿದ್ದೇನೆ.

ಪ್ರಶ್ನೆ: ‘ಫೋರ್ಟ್‌ನೈಟ್’ ಅಂದರೆ ಅಮೆರಿಕದ ಸಹೋದ್ಯೋಗಿಗಳು ಕಣ್ಣು ಬಿಡುತ್ತಾರೆ. ಇದು ತಪ್ಪು ಇಂಗ್ಲಿಷಾ?

ಉತ್ತರ: ಖಂಡಿತ ಅಲ್ಲ. ‘ಹದಿನಾಲ್ಕು ರಾತ್ರಿ’ ಎಂಬುದೇ ಸವೆದು ‘ಫೋರ್ಟ್‌ನೈಟ್’ ಆಗಿದೆ. ಜರ್ಮನ್ ಬುಡಕಟ್ಟುಗಳು ದಿನದ ಬದಲು ರಾತ್ರಿ ಎಣಿಸುತ್ತವೆ ಎಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದ. ಆ ಅಭ್ಯಾಸದ ಗುರುತು ಇದು. ಏಳು ರಾತ್ರಿಗೆ ‘ಸೆನೈಟ್’ ಎಂಬ ಪದವೂ ಇತ್ತು, ಅದು ಮಾಯವಾಯಿತು. ಬ್ರಿಟನ್ನಿನಲ್ಲಿ, ನಮ್ಮಲ್ಲಿ ‘ಫೋರ್ಟ್‌ನೈಟ್’ ಚೆನ್ನಾಗಿಯೇ ಓಡುತ್ತಿದೆ. ಅಮೆರಿಕದವರಿಗೆ ಸುಮ್ನೆ ‘ಟೂ ವೀಕ್ಸ್’ ಅನ್ನಿ. ಆದರೆ ಕನ್ನಡದ ‘ಹದಿನೈದು ದಿನ’ ನೆನೆದು ಒಂದು ದಿನ ಜಾಸ್ತಿ ಲೆಕ್ಕ ಹಾಕಬೇಡಿ.