ಹಾಡು ಕಳ್ಸಿದ, ಮಾತು ಕಳ್ಸಲಿಲ್ಲ

ಪ್ರಶ್ನೆ: ಅಕ್ಕಾ, ನಾನು ದಾವಣಗೆರೆಯವಳು, ಬೆಂಗಳೂರಲ್ಲಿ ಕೆಲಸ, ವಯಸ್ಸು 27. ಕಾಲೇಜಿಂದ ನಾಲ್ಕು ವರ್ಷ ಒಬ್ಬನ್ನ ಪ್ರೀತಿಸ್ತಿದ್ದೆ. ಅವರ ಮನೇಲಿ ಜಾತಿ ವಿಷಯ ಬಂದಾಗ ಅವನು ಒಂದು ಮಾತೂ ಆಡದೆ ಪುಣೆಗೆ ಹೋದ, ನನ್ನ ಫೋನೂ ಎತ್ತಲಿಲ್ಲ. ಈಗ ಶಿವಮೊಗ್ಗದ ಒಬ್ಬರ ಜೊತೆ ಮಾತುಕತೆ ಆಗಿದೆ, ದೀಪಾವಳಿ ಆದ್ಮೇಲೆ ನಿಶ್ಚಿತಾರ್ಥ. ಒಳ್ಳೆಯವರ ಥರಾನೇ ಕಾಣ್ತಾರೆ. ಈ ಮಧ್ಯೆ ಹಳೆಯವನು ವಾಟ್ಸಾಪಲ್ಲಿ ಬರೋಕೆ ಶುರು ಮಾಡಿದಾನೆ. ಒಂದಕ್ಷರ ಬರೆಯಲ್ಲ, ರಾತ್ರಿ ಹನ್ನೊಂದರ ಮೇಲೆ ರಾಕ್ ಹಾಡಿನ ಲಿಂಕ್ ಅಷ್ಟೇ. ಮೊದ್ಲು ಪೊಲೀಸ್ ಬ್ಯಾಂಡಿನ 'ಎವ್ರಿ ಬ್ರೆತ್ ಯು ಟೇಕ್', ನನ್ನ ಬರ್ತ್‌ಡೇ ದಿನ ಪಿಂಕ್ ಫ್ಲಾಯ್ಡ್‌ನ 'ವಿಶ್ ಯು ವರ್ ಹಿಯರ್', ಮದುವೆ ವಿಷಯ ಗೊತ್ತಾದ್ಮೇಲೆ ಫ್ಲೀಟ್‌ವುಡ್ ಮ್ಯಾಕ್‌ನ 'ಸಿಲ್ವರ್ ಸ್ಪ್ರಿಂಗ್ಸ್', ಅದೂ 1997ರ ಲೈವ್ ವಿಡಿಯೋ. ಲಿರಿಕ್ಸ್ ಎಲ್ಲಾ ಡೈರೀಲಿ ಬರ್ಕೊಂಡು ಒಂದೊಂದು ಸಾಲಿಗೂ ಅರ್ಥ ಹುಡುಕ್ತಾ ಕೂತಿದೀನಿ. ಅವನಿಗೆ ಪಶ್ಚಾತ್ತಾಪ ಆಗಿದೆ, ಒಂದು ಮೆಸೇಜ್ ಮಾಡು ಅಂತಾಳೆ ಫ್ರೆಂಡ್. ನಿಜವಾಗ್ಲೂ ಪಶ್ಚಾತ್ತಾಪಾನಾ? ಏನು ಮಾಡ್ಲಿ? ಈ ಹಾಡುಗಳನ್ನ ಕೇಳೋದೇ ಬಿಟ್ಬಿಡ್ಬೇಕಾ?

ಉತ್ತರ: ತಂಗೀ, ನೀನು ಕೇಳಿದ್ದಕ್ಕೆ ಉತ್ತರ ಮೊದ್ಲೇ ಹೇಳ್ಬಿಡ್ತೀನಿ. ಆ ಮೂರು ಹಾಡಲ್ಲಿ ನೋವಿದೆ, ಹಂಬಲ ಇದೆ, ಸಿಟ್ಟೂ ಇದೆ, ಆದ್ರೆ 'ತಪ್ಪು ನಂದು' ಅಂತ ಹಾಡೋರು ಒಪ್ಕೊಳ್ಳೋ ಜಾಗ ಮೂರರಲ್ಲಿ ಒಂದರಲ್ಲೂ ಇಲ್ಲ. ನಾನೂ ಇವನ್ನೆಲ್ಲ ಕೇಳ್ಕೊಂಡೇ ಬೆಳೆದವಳು, ಹಾಗಾಗಿ ಹಾಡಿನ ವಿಷಯಕ್ಕೆ ಬಂದ್ರೆ ಸ್ವಲ್ಪ ಜಾಸ್ತೀನೇ ಮಾತಾಡ್ತೀನಿ, ಸಹಿಸ್ಕೋ.

ಮೊದಲನೇದು ನೋಡು. 1983ರದ್ದು, ಅಮೆರಿಕಾದಲ್ಲೂ ಬ್ರಿಟನ್ನಲ್ಲೂ ನಂಬರ್ ಒನ್ ಆಗಿತ್ತು, ಇವತ್ತಿಗೂ ಮದುವೆ ರಿಸೆಪ್ಶನ್ನಲ್ಲಿ ಹಾಕ್ತಾರೆ, ಯಾಕಂದ್ರೆ ಆ ಗಿಟಾರ್ ಅಷ್ಟು ಮೆತ್ತಗೆ ಜೋಗುಳದ ಥರ ಹೋಗುತ್ತೆ. ಆದ್ರೆ ಮಾತು ಏನು ಅಂತ ಗಮನಿಸಿದ್ಯಾ? ನೀನು ಇಡೋ ಪ್ರತಿ ಹೆಜ್ಜೆ ನೋಡ್ತಿರ್ತೀನಿ, ಉಸಿರಾಡೋದೂ ನೋಡ್ತಿರ್ತೀನಿ ಅಂತ, ಉದ್ದಕ್ಕೂ ಇದೇ. ಬರೆದ ಸ್ಟಿಂಗ್‌ಗೆ, ಅಂದ್ರೆ ಪೊಲೀಸ್ ಬ್ಯಾಂಡಿನ ಗಾಯಕನಿಗೆ, ಆಗ ಮೊದಲ ಮದುವೆ ಮುರಿದು ಬೀಳ್ತಿತ್ತು, ಜಮೈಕಾಕ್ಕೆ ಹೋಗಿ ಜೇಮ್ಸ್ ಬಾಂಡ್ ಕಥೆ ಬರೆದ ಇಯಾನ್ ಫ್ಲೆಮಿಂಗ್ ಇದ್ದ ಮನೇಲಿ ಕೂತು ಬರೆದಿದ್ದು. ಬರೀವಾಗ ಸಮಾಧಾನದ ಪ್ರೇಮಗೀತೆ ಅಂತಾನೇ ಅನ್ಸಿತ್ತಂತೆ, ಇದರೊಳಗೆ ಹೊಟ್ಟೆಕಿಚ್ಚು, ಕಾವಲು, ನೀನು ನನ್ನ ಸೊತ್ತು ಅನ್ನೋ ಹಟ ಎಷ್ಟಿದೆ ಅಂತ ಆಮೇಲೆ ಹೊಳೀತು ಅಂತ ಅವನೇ ಹೇಳ್ಕೊಂಡಿದಾನೆ. 1985ರಲ್ಲಿ ಇದಕ್ಕೆ ಮದ್ದು ಅನ್ನೋ ಹಾಗೆ, ಪ್ರೀತಿಸಿದವರನ್ನ ಬಿಟ್ಟುಬಿಡಿ ಅನ್ನೋ ಇನ್ನೊಂದು ಹಾಡೂ ಮಾಡಿದ. ಬರೆದವನಿಗೇ ತಡವಾಗಿ ಅರ್ಥ ಆಗಿದ್ದು ರಾತ್ರಿ ಹನ್ನೊಂದು ಗಂಟೆಗೆ ಲಿಂಕ್ ಒತ್ತಿದವನಿಗೆ ಅರ್ಥ ಆಗಿತ್ತಾ, ನಂಗಂತೂ ಡೌಟು. ಅರ್ಥ ಆಗಿಯೂ ಕಳ್ಸಿದ್ರೆ ಅದು ಇನ್ನೂ ಕೆಟ್ಟದ್ದು.

ಎರಡನೇದು ನಂಗೆ ಬಹಳ ಇಷ್ಟದ್ದು. 1975ರಲ್ಲಿ ಬಂದಿದ್ದು. ಹೆಡ್‌ಫೋನ್ ಹಾಕ್ಕೊಂಡು ಶುರು ಹೇಗಾಗುತ್ತೆ ಕೇಳು, ಯಾರೋ ರೇಡಿಯೋ ಸ್ಟೇಶನ್ ತಿರುಗಿಸ್ತಿರೋ ಸದ್ದು, ಆಮೇಲೆ ಆ ರೇಡಿಯೋ ಒಳಗಿಂದ ಬರ್ತಿದೆ ಅನ್ನೋ ಹಾಗೆ ಒಂದು ತೆಳ್ಳಗಿನ ಗಿಟಾರ್, ಸ್ವಲ್ಪ ಹೊತ್ತಿಗೆ ರೂಮಲ್ಲಿ ಕೂತವನೊಬ್ಬ ಕೆಮ್ಮಿ, ತನ್ನ ಗಿಟಾರ್ ತಗೊಂಡು ಅದರ ಜೊತೆ ನುಡಿಸೋಕೆ ಶುರು ಮಾಡ್ತಾನೆ. ಒಂಟಿಯಾಗಿ ಕೂತವನು ದೂರದಲ್ಲಿರೋ ಇನ್ಯಾರದ್ದೋ ಜೊತೆಗೆ ನುಡಿಸಿದ ಹಾಗೆ. ನಾವೆಲ್ಲ ಇದನ್ನ ಹುಡುಗ-ಹುಡುಗಿ ಹಾಡು ಮಾಡ್ಕೊಂಡ್ಬಿಟ್ಟಿದೀವಿ, ಆದ್ರೆ ಈ ಹಾಡಿರೋ ಅದೇ ಹೆಸರಿನ ಆಲ್ಬಂ ಹಿಂದೆ ಇದ್ದಿದ್ದು ಸಿಡ್ ಬ್ಯಾರೆಟ್ ಅನ್ನೋ ಗೆಳೆಯ. ಬ್ಯಾಂಡ್ ಕಟ್ಟಿದವರಲ್ಲಿ ಒಬ್ಬ, ಮಾನಸಿಕ ಆರೋಗ್ಯ ಹದಗೆಟ್ಟು 1968ರಲ್ಲಿ ಹೊರಗಾದವನು. ಈ ಆಲ್ಬಂ ಕೆಲಸ ನಡೀತಿರೋವಾಗ, 1975ರ ಜೂನ್ 5ಕ್ಕೆ, ಅವನು ಲಂಡನ್ನಿನ ಆಬಿ ರೋಡ್ ಸ್ಟುಡಿಯೋಗೆ ಹೇಳ್ದೆ ಕೇಳ್ದೆ ಬಂದು ನಿಂತ್ಕೊಂಡಿದಾನೆ. ದಪ್ಪ ಆಗಿ, ತಲೆ ಬೋಳಿಸಿ, ಹುಬ್ಬೂ ತೆಗೆದಿದ್ದ, ಹಳೇ ಗೆಳೆಯರಿಗೆ ಮೊದ್ಲು ಗುರುತೇ ಸಿಗಲಿಲ್ಲ. ಇದನ್ನ ಹಾಡಿದ, ಬ್ಯಾಂಡಿನ ಗಿಟಾರಿಸ್ಟ್ ಡೇವಿಡ್ ಗಿಲ್ಮೋರ್‌ಗೆ ಇವತ್ತಿಗೂ ಈ ಹಾಡು ಹಾಡಿದ್ರೆ ಸಿಡ್ ನೆನಪಾಗ್ದೆ ಇರಲ್ಲವಂತೆ, ಸಾಲು ಬರೆದ ರೋಜರ್ ವಾಟರ್ಸ್ ಮಾತ್ರ ಇದು ಹೆಚ್ಚಾಗಿ ನಂಗೆ ನಾನೇ ಕೇಳ್ಕೊಂಡಿದ್ದು ಅನ್ನೋ ಅರ್ಥದಲ್ಲಿ ಹೇಳಿದಾನೆ. ಕೂತು ಮಾಡಿದ ಇಬ್ಬರಿಗೇ ಎರಡು ಅರ್ಥ. ನೀನು ಡೈರೀಲಿ ಒಂದು ಸಾಲಿನ ಕೆಳಗೆ 'ನನ್ನನ್ನೇ ಹೇಳ್ತಿದಾನೆ' ಅಂತ ಬರ್ದು ಎರಡು ಗೆರೆ ಎಳೆದಿದ್ದೀಯಲ್ಲ, ಫೋಟೋ ಕಳ್ಸಿದ್ಯಲ್ಲ, ಅದು ನೋಡಿ ಪಾಪ ಅನ್ನಿಸ್ತು ಕಣೇ.

ಈಗ ಮೂರನೇದಕ್ಕೆ ಬರೋಣ, ನಿನ್ನ ನಿದ್ದೆ ಕೆಡಿಸಿರೋದು ಅದೇ ತಾನೇ. ಫ್ಲೀಟ್‌ವುಡ್ ಮ್ಯಾಕ್ ಕಥೆ ನಮ್ಮ ಸೀರಿಯಲ್‌ನೋರು ಕೇಳಿದ್ರೆ ಸಾವಿರ ಎಪಿಸೋಡ್ ಎಳೀತಾರೆ. 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 'ರೂಮರ್ಸ್' ಅನ್ನೋ ಆಲ್ಬಂ ರೆಕಾರ್ಡ್ ಮಾಡ್ತಿದ್ದಾಗ ಗಾಯಕಿ ಸ್ಟೀವಿ ನಿಕ್ಸ್‌ಗೂ ಗಿಟಾರಿಸ್ಟ್ ಲಿಂಡ್ಸಿ ಬಕಿಂಗ್‌ಹ್ಯಾಮ್‌ಗೂ ಬ್ರೇಕಪ್ ಆಗಿತ್ತು, ಕೀಬೋರ್ಡಿನ ಕ್ರಿಸ್ಟೀನ್‌ಗೂ ಬೇಸ್ ನುಡಿಸೋ ಗಂಡ ಜಾನ್‌ಗೂ ಮದುವೆ ಮುರಿದಿತ್ತು, ಡ್ರಮ್ಮರ್ ಸಂಸಾರಾನೂ ಸರಿ ಇರಲಿಲ್ಲ, ಆದ್ರೂ ಎಲ್ರೂ ಒಂದೇ ಸ್ಟುಡಿಯೋದಲ್ಲಿ ಮುಖ ಮುಖ ನೋಡ್ಕೊಂಡು ಕೆಲಸ ಮಾಡಿದ್ರು. ಕ್ರಿಸ್ಟೀನ್ ತನ್ನ ಹೊಸ ಪ್ರೇಮದ ಮೇಲೆ ಒಂದು ಹಾಡು ಬರೆದು, ಅದಕ್ಕೆ ಬೇಸ್ ನುಡಿಸಬೇಕಿದ್ದ ಗಂಡನ ಹತ್ರ 'ಇದು ನಾಯಿ ಮೇಲೆ ಬರೆದಿದ್ದು' ಅಂದಿದ್ಲಂತೆ! ಪಕ್ಕದಲ್ಲಿ ನಿಂತು ನುಡಿಸಿದ ಗಂಡನಿಗೇ ಹಾಡಿನ ಅರ್ಥ ಗೊತ್ತಿರಲಿಲ್ಲ ಅಂದ್ಮೇಲೆ ನೀನು ಜಯನಗರದ ಪಿಜೀಲಿ ಕೂತ್ಕೊಂಡು ಏನು ಕಂಡುಹಿಡೀತೀಯ ಹೇಳು.

ಲಿಂಡ್ಸಿ ಬರೆದ 'ಗೋ ಯುವರ್ ಓನ್ ವೇ' ಇದೆಯಲ್ಲ, ಅದು ಸ್ಟೀವಿ ಮೇಲೇ ಬರೆದಿದ್ದು, ಅದರಲ್ಲಿ ಅನುಮಾನಕ್ಕೆ ಜಾಗಾನೇ ಇಲ್ಲ. ಅದರಲ್ಲಿ ಅವಳ ನಡತೆ ಬಗ್ಗೆ ಒಂದು ಸಾಲು ಬರುತ್ತೆ. ಅದು ಶುದ್ಧ ಸುಳ್ಳು, ತೆಗಿ ಅಂದ್ಲು ಅವಳು, ಅವನು ತೆಗೀಲಿಲ್ಲ, ಅದೇ ಹಾಡಿಗೆ ಅವಳು ವರ್ಷಗಟ್ಟಲೆ ಸ್ಟೇಜ್ ಮೇಲೆ ಹಿಂದಿನ ದನಿ ಕೊಡ್ತಾ ನಿಂತ್ಲು. ನೋಡು, ಇದು ನನ್ನ ಮೇಲೇ ಅಂತ ಪಕ್ಕಾ ಗೊತ್ತಿರೋ ಹಾಡೂ ಸತ್ಯ ಹೇಳ್ತಿದೆ ಅನ್ನೋ ಗ್ಯಾರಂಟಿ ಇಲ್ಲ, ಅದು ಬರೆದವನ ಆ ಹೊತ್ತಿನ ಹೊಟ್ಟೆಯುರಿ ಅಷ್ಟೇ. ಸ್ಟೀವಿ ಅವನ ಮೇಲೆ ಬರೆದಿದ್ದೇ 'ಸಿಲ್ವರ್ ಸ್ಪ್ರಿಂಗ್ಸ್'. ಅದನ್ನ ಉದ್ದ ಆಯ್ತು ಅಂತ ಆಲ್ಬಮ್ಮಿಂದ ಕಿತ್ತು ಹಾಕಿದ್ರು, ಆಮೇಲೆ ಬದಿಗೊಂದೇ ಹಾಡಿರೋ ಪುಟ್ಟ ರೆಕಾರ್ಡಿನ ಹಿಂದಿನ ಬದಿಗೆ ಹಾಕಿದ್ರು, ಮುಂದಿನ ಬದಿಗೆ ಯಾವುದು ಗೊತ್ತಾ, ಅದೇ 'ಗೋ ಯುವರ್ ಓನ್ ವೇ'. ಹೊಟ್ಟೆ ಉರಿಯದೆ ಇರುತ್ತಾ.

1997ರ ವಿಡಿಯೋ ನಾನೂ ನೋಡಿದೀನಿ. ಕೊನೇಲಿ ಅವಳು ಮೈಕ್ ಸಮೇತ ಅವನ ಕಡೆ ತಿರುಗಿ, ಕಣ್ಣು ಕೀಳದೆ ಹಾಡ್ತಾಳೆ, ನನ್ನ ದನಿಯಿಂದ ನೀನು ಯಾವತ್ತೂ ತಪ್ಪಿಸ್ಕೊಳ್ಳೋಕಾಗಲ್ಲ ಅನ್ನೋದು ಅದರ ಸಾರ, ಅವನೂ ಗಿಟಾರ್ ಹಿಡ್ಕೊಂಡು ಅವಳನ್ನೇ ನೋಡ್ತಾನೆ. ಲಕ್ಷಾಂತರ ಜನ ಆ ನೋಟದಲ್ಲಿ ಇನ್ನೂ ಪ್ರೀತಿ ಇದೆ ಅಂತ ಓದ್ಕೊಂಡ್ರು. ಆಮೇಲೆ ಏನಾಯ್ತು? ಇಬ್ರೂ ಒಂದಾಗಲಿಲ್ಲ, 2000ದಲ್ಲಿ ಅವನು ಬೇರೆಯವಳನ್ನ ಮದುವೆಯಾದ, 2018ರಲ್ಲಿ ಬ್ಯಾಂಡಿಂದಾನೂ ಹೊರಗೆ ಹಾಕಿದ್ರು. ಆ ನೋಟ ಸುಳ್ಳು ಅಂತ ನಾನು ಹೇಳ್ತಿಲ್ಲ. ನಿಜಾನೇ ಇದ್ದಿರಬೇಕು. ಅದರಿಂದ ಅವರಿಬ್ಬರ ಬದುಕಲ್ಲಿ ಏನೂ ಬದಲಾಗಲಿಲ್ಲ ಅಷ್ಟೇ.

ಇನ್ನೊಂದು ವಿಷಯ ನಿನ್ನ ಫ್ರೆಂಡ್‌ಗೆ ಹೊಳೆದೇ ಇಲ್ಲ. ಆ ಹಾಡಲ್ಲಿ ಮಾತಾಡ್ತಿರೋದು ಪ್ರೀತಿ ದಕ್ಕದೆ ಉಳಿದವಳು. ನಾನು ಪ್ರೀತಿಸ್ತಿದ್ದೆ, ನೀನೇ ಅದಕ್ಕೆ ಆಸ್ಪದ ಕೊಡಲಿಲ್ಲ ಅಂತ ಎದುರಿನವನ ಮೇಲೆ ದೂರು. ನಿಮ್ಮ ಕಥೇಲಿ ಫೋನ್ ಎತ್ತದೆ ಹೋದವನು ಯಾರು? ಅವನು. ದೂರೋ ಹಕ್ಕು ಯಾರಿಗಿತ್ತು? ನಿಂಗೆ. ನಿನ್ನ ಜಾಗಕ್ಕೆ ತಾನು ಬಂದು ಕೂತು ನಿನ್ನ ಹಾಡನ್ನ ನಿಂಗೇ ಕಳ್ಸಿದಾನೆ, ಅದೂ ನಿನ್ನ ಮದುವೆ ಸುದ್ದಿ ಕಿವಿಗೆ ಬಿದ್ದ ಮೇಲೆ. ಬೇಕು ಅಂತಾನೇ ಮಾಡಿದಾನೆ ಅನ್ನಲ್ಲ, ಟ್ಯೂನ್ ಚೆನ್ನಾಗಿದೆ, ಕಣ್ಣಲ್ಲಿ ನೀರು ಬಂತು, ಕಳ್ಸಿದ, ಇಷ್ಟೇ ಇರಬಹುದು. ಆದ್ರೆ ಇಷ್ಟನ್ನ ಪಶ್ಚಾತ್ತಾಪ ಅನ್ನೋಕೆ ನಂಗೆ ಮನಸ್ಸು ಬರಲ್ಲ.

ಪಶ್ಚಾತ್ತಾಪದ ರಾಕ್ ಹಾಡೇ ಇಲ್ವಾ ಅಂದ್ರೆ ಇದೆ. ಬೀಟಲ್ಸ್ ಬ್ಯಾಂಡಲ್ಲಿದ್ದ ಜಾನ್ ಲೆನನ್‌ನ 'ಜೆಲಸ್ ಗೈ', 1971ರದ್ದು. ಅದರ ಟ್ಯೂನು 1968ರಲ್ಲಿ ಬೀಟಲ್ಸ್‌ನೋರು ನಮ್ಮ ಋಷಿಕೇಶಕ್ಕೆ ಬಂದಿದ್ದ ಕಾಲದ್ದು, ಆಗ ಬೇರೆ ಸಾಹಿತ್ಯ ಇತ್ತು, ಆಮೇಲೆ ಮಾತು ಬದಲಾಯಿಸಿದ. ಅದರಲ್ಲಿ ಸುತ್ತು ಬಳಸು ಇಲ್ಲ, ನಂಗೆ ಹೊಟ್ಟೆಕಿಚ್ಚು, ನಿನ್ನ ನೋಯಿಸಿದೆ, ಅಳಿಸಿದೆ, ಕ್ಷಮಿಸು ಅಂತ ಹಾಡೋನು ತನ್ನ ಕಡೇನೇ ಬೆರಳು ತೋರಿಸ್ಕೊಳ್ತಾನೆ. ನಿನ್ನವನ ಪ್ಲೇಲಿಸ್ಟಲ್ಲಿ ಅದು ಬರಲಿಲ್ಲ ನೋಡು. ಬಂದಿದ್ರೂ ನಾನು ಇದನ್ನೇ ಹೇಳ್ತಿದ್ದೆ, ಅದು ಲೆನನ್ ಕೇಳಿದ ಕ್ಷಮೆ, ಇವನದ್ದಲ್ಲ. ನಮ್ಮ ಕಾಲದಲ್ಲಿ ಹುಡುಗ್ರು ಭಾವಗೀತೆ ಕ್ಯಾಸೆಟ್ ಕೊಡ್ತಿದ್ರು, ಕವರ್ ಒಳಗೆ ಮಡಚಿದ ಚೀಟೀಲಿ ತಪ್ಪು ತಪ್ಪು ಕಾಗುಣಿತದಲ್ಲಿ ಎರಡು ಸಾಲಾದ್ರೂ ಸ್ವಂತದ್ದು ಇರ್ತಿತ್ತು. ಇವನಿಗೆ ಅಷ್ಟೂ ಕೈ ಬರಲಿಲ್ಲ. ಬರೀ ಲಿಂಕ್ ಕಳ್ಸೋದು ಅಂದ್ರೆ ಊಟಕ್ಕೆ ಕರೆಯದೆ ಹೋಟೆಲ್ ಮೆನು ಫೋಟೋ ಕಳ್ಸಿದ ಹಾಗೆ, ನೀನು ಹೋಗಿ ನಿಂತ್ರೆ ನಾನೆಲ್ಲಿ ಕರೆದೆ ಅನ್ನಬಹುದು.

ಹಾಡಿನ ವಿಷಯ ಸಾಕು. ನಿನ್ನ ಪತ್ರದಲ್ಲಿ ಇನ್ನೊಂದಿದೆ, ಅಂಕಣದಲ್ಲಿ ಹಾಕುವಾಗ ಅದನ್ನ ಕತ್ತರಿಸಿದೀನಿ, ಆದ್ರೆ ಇಲ್ಲಿ ಹೇಳ್ಲೇಬೇಕು. ನಿಶ್ಚಿತಾರ್ಥ ಆಷಾಢ ಮುಗಿದ ತಕ್ಷಣ ಇಡ್ತೀವಿ ಅಂದಾಗ ಆಫೀಸಲ್ಲಿ ರಿಲೀಸ್ ಇದೆ ಅಂತ ನೀನೇ ದೀಪಾವಳಿಗೆ ತಳ್ಳಿಸಿದ್ದೀಯ. ಶಿವಮೊಗ್ಗದವರ ನಂಬರ್ ಇದ್ರೂ ನೀನಾಗಿ ಒಂದ್ಸಲಾನೂ ಫೋನ್ ಮಾಡಿಲ್ಲ. ಮೂರು ಹಾಡಿಗೆ ನಾಲ್ಕು ಪುಟ, ಮದುವೆ ಆಗೋ ಹುಡುಗನಿಗೆ ಒಂದೂವರೆ ಸಾಲು. ಹಳೆಯವನು ಹಾಡು ಕಳ್ಸೋಕೆ ಶುರು ಮಾಡಿದ್ದು ಇದೆಲ್ಲ ಆದ್ಮೇಲೆ, ಅಂದ್ರೆ ಹಿಂಜರಿಕೆ ಅವನು ತಂದಿದ್ದಲ್ಲ, ಮೊದ್ಲೇ ನಿನ್ನೊಳಗೆ ಇತ್ತು. ಅವನು ವಾಪಸ್ ಬರ್ತಾನಾ ಅನ್ನೋದಕ್ಕಿಂತ ನಂಗೆ ಈ ಮದುವೆ ಬೇಕಾ, ಇಷ್ಟು ಬೇಗ ಬೇಕಾ ಅನ್ನೋದು ನಿನ್ನ ನಿಜವಾದ ಪ್ರಶ್ನೆ ಅಂತ ನಂಗನ್ಸುತ್ತೆ. ಬೇಡ ಅನ್ನೋ ಉತ್ತರ ಬಂದ್ರೂ ಆಕಾಶ ಕಳಚಿ ಬೀಳಲ್ಲ. ಆದ್ರೆ 'ಅವನಿಗೆ ಪಶ್ಚಾತ್ತಾಪ ಆಗಿದೆ' ಅನ್ನೋ ನೆಪ ಹಿಡ್ಕೊಂಡು ಬೇಡ ಅನ್ಬೇಡ.

ಮಾಡ್ಬೇಕಾದ್ದು ಅಂದ್ರೆ, ಈ ಭಾನುವಾರ ಶಿವಮೊಗ್ಗದವರಿಗೆ ನೀನೇ ಫೋನ್ ಮಾಡು. ಬೆಂಗಳೂರಿಗೆ ಬರೋದಿದ್ರೆ ಸಿಗೋಣ ಅನ್ನು, ಮನೆಯವರಿಲ್ಲದೆ ಒಂದೆರಡು ಗಂಟೆ ಕೂತು ಮಾತಾಡು, ಕೆಲಸ, ದುಡ್ಡು, ಎಲ್ಲಿರೋದು, ಅತ್ತೆ ಮಾವ, ಎಲ್ಲಾನೂ. ಹಿಂದೆ ಒಬ್ಬನ್ನ ಪ್ರೀತಿಸಿದ್ದೆ, ಅದು ಮುಗೀತು ಅಂತ ಹೇಳು, ಹೆಸರು ಊರು ಬೇಕಾಗಿಲ್ಲ, ಹಾಡಿನ ಕಥೇನಂತೂ ಬೇಡ್ವೇ ಬೇಡ. ಅಷ್ಟಕ್ಕೇ ಆತ ಮುಖ ಸಿಂಡರಿಸಿದ್ರೆ ದೀಪಾವಳಿಗೆ ಮುಂಚೇನೇ ಗೊತ್ತಾಗಿದ್ದು ಒಳ್ಳೇದಾಯ್ತು. ಮಾತಾಡಿದ ಮೇಲೂ ಎದೆ ಭಾರ ಅನ್ಸಿದ್ರೆ ಅಮ್ಮನ ಹತ್ರ ಟೈಮ್ ಕೇಳು, ಈ ಸಲ ಆಫೀಸ್ ರಿಲೀಸ್ ಅನ್ಬೇಡ, ನಂಗೆ ಇನ್ನೂ ಗಟ್ಟಿ ಆಗಿಲ್ಲ ಅಂತ ಹೇಳು. ಅಮ್ಮಂದಿರು ನಾವು ಅಂದ್ಕೊಂಡಷ್ಟು ಬೈಯಲ್ಲ, ಬೈದ್ರೂ ಸಂಜೆ ಹೊತ್ತಿಗೆ ಮುಗಿಯುತ್ತೆ.

ಪುಣೆಯವನಿಗೆ ಒಂದೇ ಒಂದು ಮೆಸೇಜ್, ಅದೂ ಹಗಲು ಹೊತ್ತಲ್ಲಿ: 'ಹೇಳೋದೇನಾದ್ರೂ ಇದ್ರೆ ನಿನ್ನ ಮಾತಲ್ಲಿ ಹೇಳು, ಲಿಂಕ್ ಕಳ್ಸಬೇಡ.' ಕೆಳಗೆ ಎಮೋಜಿ ಬೇಡ, ಹೇಗಿದ್ದೀಯ ಅಂತಾನೂ ಬೇಡ. ಆ ದಿನ ಫೋನ್ ಯಾಕೆ ಎತ್ತಲಿಲ್ಲ ಅನ್ನೋದಕ್ಕೆ ಅವನು ನಿಜವಾಗ್ಲೂ ಉತ್ತರ ಬರೆದ್ರೆ ಓದು, ಅಷ್ಟು ನಿಂಗೆ ಸಲ್ಲಬೇಕಾದ್ದು, ಆದ್ರೆ ಓದಿದ ಮಾತ್ರಕ್ಕೆ ವಾಪಸ್ ಹೋಗ್ಬೇಕು ಅಂತೇನಿಲ್ಲ. ಇನ್ನೊಂದು ಹಾಡು ಬಂದ್ರೆ ಬ್ಲಾಕ್ ಮಾಡು. ಬ್ಲಾಕ್ ಮಾಡಿದ್ಮೇಲೆ ಬೇರೆ ನಂಬರಿಂದ, ಫ್ರೆಂಡ್ಸ್ ಮೂಲಕ, ಪಿಜಿ ಹತ್ರ ಬಂದು ಕಾಟ ಶುರುವಾದ್ರೆ ಅದು ಪ್ರೀತಿ ವಿಷಯ ಅಲ್ಲ, ಮನೇಲಿ ಹೇಳು, ಸ್ಕ್ರೀನ್‌ಶಾಟ್ ಇಟ್ಕೊಂಡು ಪೊಲೀಸರಿಗೂ ಹೇಳು.

ಇನ್ನು ಕೇಳೋದೇ ಬಿಟ್ಬಿಡ್ಬೇಕಾ ಅಂದ್ಯಲ್ಲ, ಯಾಕೆ ಬಿಡ್ತೀಯ? ಅವನು ಕಳ್ಸಿದ ಮಾತ್ರಕ್ಕೆ ಅವನ ಆಸ್ತಿ ಆಗಲ್ಲ. 'ರೂಮರ್ಸ್' ಪೂರ್ತಿ ಕೇಳು, ಹನ್ನೊಂದು ಹಾಡು, ನಲವತ್ತು ನಿಮಿಷ ಅಷ್ಟೇ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಕೂತಾಗ ಸರಿಯಾಗಿ ಮುಗಿಯುತ್ತೆ. ಎರಡನೇ ಹಾಡು 'ಡ್ರೀಮ್ಸ್', ಸ್ಟೀವಿ ಬರೆದಿದ್ದು, ಡ್ರಮ್ಸ್ ಕೇಳು, ಒಂದೇ ಸಮ ಹೊಡೀತಾನೆ, ಒಂದು ಪೆಟ್ಟೂ ಆಚೀಚೆ ಇಲ್ಲ, ಅವನ ಮನೇಲಿ ಆಗ ಏನು ನಡೀತಿತ್ತೋ ಏನೋ.